ಸಂಶಿಯಿಂದ ನಲವತ್ತೆರಡು ಕಿಲೋಮೀಟರ್

ಬರುವ ಜನವರಿಯ ಮೂರನೆಯ ಭಾನುವಾರ ನಡೆಯುವ ಮುಂಬೈ ಮ್ಯಾರಥಾನ್‌ಗೆ ನಾನು ಹೆಸರು ಕೊಟ್ಟಿದ್ದೇನೆ. ಅರ್ಧದ್ದಲ್ಲ, ಪೂರ್ತಿಯದು. 42 ಕಿಲೋಮೀಟರ್, ಅದರ ಮೇಲೆ 195 ಮೀಟರ್. ನಮ್ಮ ಸಂಶಿಯಿಂದ ಹೊರಟರೆ ಕುಂದಗೋಳ ದಾಟಿ, ಹುಬ್ಬಳ್ಳಿಯನ್ನೂ ದಾಟಿ, ಧಾರವಾಡದ ಹಾದಿ ಹಿಡಿದ ಮೇಲೆ ಎಲ್ಲೋ ಮುಗಿಯುವಷ್ಟು ದೂರ ಅದು. ನಾನು ಓಟಗಾರಳಾಗಿ ಬೆಳೆದವಳಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ, ಮನೆಯವರು ಒಕ್ಕಲುತನ ಮಾಡುತ್ತಾರೆ, ವಯಸ್ಸು ನಲವತ್ತು ದಾಟಿದೆ. ಆದರೂ ಈ ಮಳೆಗಾಲ ಮುಗಿದಾಗಿನಿಂದ ನಸುಕಿನಲ್ಲಿ ಎದ್ದು ಬೂಟಿನ ಲಾಡಿ ಕಟ್ಟುವಾಗ ಆಗುವ ಸಂತೋಷ ಎಂಥದ್ದೆಂದರೆ, ಅದನ್ನು ನಾಲ್ಕು ಜನಕ್ಕೆ ಹೇಳದೆ ಇರಲಾರೆ.

ಊರಲ್ಲಿ ಮೊದಮೊದಲು ಎಲ್ಲರೂ ಕೇಳಿದರು. ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ಮುಂದೆ ಕೂತ ಹಿರಿಯರು, “ಅಕ್ಕಾರ, ರೈಲ ತಪ್ಪೇತೇನ್ರಿ?” ಎಂದರು. ಹಾಲಿನ ಕ್ಯಾನು ಹೊತ್ತು ಮೋಟಾರ್‌ಸೈಕಲ್ ಮೇಲೆ ಹೋಗುವವರು ನಿಲ್ಲಿಸಿ, “ಹತ್ರಿ, ಬಿಡ್ತೀನಿ” ಎಂದರು. ಬಹುಮಾನ ಎಷ್ಟು ಅಂತ ಕೇಳಿದವರೂ ಉಂಟು. ನನ್ನ ಅತ್ತೆ ಕೇಳಿದ ಪ್ರಶ್ನೆ ಮಾತ್ರ ಇವೆಲ್ಲಕ್ಕಿಂತ ಗಟ್ಟಿಯಾಗಿತ್ತು. “ಹೊಲಕ್ಕ ಹೋಗಿ ಬಂದ್ರ ಸಾಲೂದಿಲ್ಲೇನವಾ? ಸುಮ್‌ಸುಮ್ಕ ಓಡೂದ್ಯಾಕ?”

ಆ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು ನಮ್ಮ ಸೀಮೆಯ ಒಬ್ಬ ಓಟಗಾರರ ಸಂಗತಿ ಹೇಳಬೇಕು. ಮ್ಯಾರಥಾನ್ ಅಂದರೆ ಬೆಂಗಳೂರು, ಮುಂಬೈಯ ಕಂಪನಿಯವರ ಹವ್ಯಾಸ, ನಮ್ಮಂಥ ಊರಿನವರಿಗೆ ಸಂಬಂಧವಿಲ್ಲದ್ದು ಎಂದು ಬಹಳ ಮಂದಿ ನಂಬಿದ್ದಾರೆ. ನಿಜ ಏನೆಂದರೆ ಒಲಿಂಪಿಕ್ಸ್ ಮ್ಯಾರಥಾನನ್ನು ಓಡಿ ಮುಗಿಸಿದ ಮೊಟ್ಟಮೊದಲ ಭಾರತೀಯ ಬೆಳಗಾವಿಯವರು. ಹೆಸರು ಫಡೆಪ್ಪ ದಾರೆಪ್ಪ ಚೌಗುಲೆ.

ಪುಣೆಯ ಡೆಕ್ಕನ್ ಜಿಮ್‌ಖಾನಾದಲ್ಲಿ 1919ರಲ್ಲಿ ಓಟದ ಸ್ಪರ್ಧೆಗಳು ನಡೆದವು. ಉದ್ಯಮಿ ದೊರಾಬ್ಜಿ ಟಾಟಾ ಆ ಜಿಮ್‌ಖಾನಾದ ಅಧ್ಯಕ್ಷರು. ಅಲ್ಲಿ ಓಡಲು ಬಂದವರಲ್ಲಿ ಬಹುತೇಕರು ಒಕ್ಕಲುತನದ ಮನೆಯವರು. ಬರಿಗಾಲು, ತರಬೇತಿ ಇಲ್ಲ, ನಿಯಮಗಳ ಅರಿವೂ ಅಷ್ಟಕ್ಕಷ್ಟೇ. ಆದರೆ ಅವರು ಓಡಿದ ವೇಳೆ ಯುರೋಪಿನ ಓಟಗಾರರ ವೇಳೆಗಿಂತ ಬಹಳ ಹಿಂದೇನೂ ಇರಲಿಲ್ಲ. ಅದನ್ನು ಕಣ್ಣಾರೆ ಕಂಡ ಟಾಟಾ, ಇವರನ್ನು ಒಲಿಂಪಿಕ್ಸ್‌ಗೆ ಕಳಿಸಬೇಕು ಎಂದು ಹಟ ಹಿಡಿದರು, ಸ್ವಂತ ಹಣವನ್ನೂ ಹಾಕಿದರು. ಹಾಗೆ 1920ರ ಬೆಲ್ಜಿಯಂನ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಹೋದ ಕೆಲವೇ ಮಂದಿಯಲ್ಲಿ ಚೌಗುಲೆ ಒಬ್ಬರು. ಆ ವರ್ಷದ ಮ್ಯಾರಥಾನ್ ಇಂದಿನದಕ್ಕಿಂತ ಉದ್ದ, 42.75 ಕಿಲೋಮೀಟರ್. ಫಿನ್‌ಲೆಂಡಿನ ಹಾನ್ನೆಸ್ ಕೊಲೆಹ್ಮೈನೆನ್ 2 ಗಂಟೆ 32 ನಿಮಿಷದಲ್ಲಿ ಗೆದ್ದರು. ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ ಹತ್ತೊಂಬತ್ತನೆಯವರಾದರು.

ಆ ವೇಳೆಯನ್ನು ಸುಮ್ಮನೆ ಓದಿ ದಾಟಬೇಡಿ. ಕಿಲೋಮೀಟರಿಗೆ ನಾಲ್ಕೇ ನಿಮಿಷ, ಅದೂ ಸುಮಾರು 43 ಕಿಲೋಮೀಟರ್ ಉದ್ದಕ್ಕೆ. ಇವತ್ತು ಸಾವಿರಾರು ರೂಪಾಯಿಯ ಬೂಟು, ಕೈಗೆ ಗಡಿಯಾರ, ತರಬೇತುದಾರ ಎಲ್ಲ ಇರುವ ಹವ್ಯಾಸಿಗಳಲ್ಲಿ ಮೂರು ಗಂಟೆಯೊಳಗೆ ಮುಗಿಸುವವರು ತೀರಾ ವಿರಳ. ಬೆಳಗಾವಿ ನಮಗೆ ಒಂದು ರೈಲಿನ ದೂರ. ಆದರೆ ನನ್ನ ಶಾಲೆಯಲ್ಲಿ ಯಾವ ಹುಡುಗನನ್ನು ಕೇಳಿದರೂ ಮಿಲ್ಖಾ ಸಿಂಗ್ ಹೆಸರು ಹೇಳುತ್ತಾನೆ, ಚೌಗುಲೆಯ ಹೆಸರು ಒಬ್ಬನಿಗೂ ಗೊತ್ತಿರಲಿಲ್ಲ. ನಾನೀಗ ಪ್ರತಿ ವರ್ಷ ಒಂಬತ್ತನೆಯ ತರಗತಿಯಲ್ಲಿ ವೇಗ ಮತ್ತು ಕಾಲದ ಲೆಕ್ಕಕ್ಕೆ ಈ ಓಟವನ್ನೇ ಕೊಡುತ್ತೇನೆ.

ದೂರದ ವಿಷಯ ಬಂತಲ್ಲ, ಈ 42.195 ಎಲ್ಲಿಂದ ಬಂತು ಎಂದು ಮಕ್ಕಳು ಕೇಳುತ್ತಾರೆ. 1896ರಲ್ಲಿ ಅಥೆನ್ಸ್‌ನ ಮೊದಲ ಒಲಿಂಪಿಕ್ಸ್‌ನಲ್ಲಿ ಓಟ ಸುಮಾರು 40 ಕಿಲೋಮೀಟರ್ ಇತ್ತು. ಗೆದ್ದವನು ಸ್ಪಿರಿಡಾನ್ ಲೂಯಿ, ಅಥೆನ್ಸ್ ಪಕ್ಕದ ಊರೊಂದರಲ್ಲಿ ನೀರು ಹೊತ್ತು ಬದುಕುತ್ತಿದ್ದ ಮನುಷ್ಯ. 1908ರಲ್ಲಿ ಲಂಡನ್ನಿನವರು ವಿಂಡ್ಸರ್ ಅರಮನೆಯಿಂದ ಕ್ರೀಡಾಂಗಣದ ರಾಜಮನೆತನದ ಆಸನದವರೆಗೆ ಅಳೆದರು. ಆ ಅಳತೆಯನ್ನೇ 1921ರಲ್ಲಿ ಜಗತ್ತಿಗೆಲ್ಲ ಕಾಯಂ ಮಾಡಿದರು. ಅಷ್ಟೇ. ದೇಹಕ್ಕೂ ಆ ಸಂಖ್ಯೆಗೂ ಯಾವ ನಂಟೂ ಇಲ್ಲ.

ಹೆಂಗಸರನ್ನು ಈ ಓಟದಿಂದ ದೂರ ಇಟ್ಟಿದ್ದಕ್ಕೆ ಮಾತ್ರ ದೇಹದ ನೆಪವನ್ನೇ ಹೇಳಿದರು. 1928ರ ಒಲಿಂಪಿಕ್ಸ್‌ನಲ್ಲಿ ಹೆಂಗಸರ 800 ಮೀಟರ್ ಓಟ ಇಟ್ಟಿದ್ದರು. ಓಡಿದವರು ದಣಿದು ನೆಲಕ್ಕೆ ಕೂತರೆಂದು ದೊಡ್ಡ ಗದ್ದಲ ಎದ್ದಿತು, ಆ ಓಟವನ್ನೇ ತೆಗೆದುಹಾಕಿದರು. 1960ರವರೆಗೆ ಅದು ಮರಳಿ ಬರಲಿಲ್ಲ. 1967ರಲ್ಲಿ ಅಮೆರಿಕದ ಕ್ಯಾಥರಿನ್ ಸ್ವಿಟ್ಜರ್ ಹೆಸರಿನ ಮೊದಲ ಅಕ್ಷರಗಳನ್ನಷ್ಟೇ ಬರೆದು ಬೋಸ್ಟನ್ ಮ್ಯಾರಥಾನ್‌ಗೆ ನೋಂದಾಯಿಸಿದರು. ಓಡುತ್ತಿರುವಾಗ ಸಂಘಟಕರೊಬ್ಬರು ಬಂದು ಅಂಗಿಯ ಮೇಲಿನ ಸಂಖ್ಯೆಯ ಚೀಟಿಯನ್ನು ಕಿತ್ತುಕೊಳ್ಳಲು ಹೋದರು. ಆಕೆ ನಿಲ್ಲಲಿಲ್ಲ, ಓಟ ಮುಗಿಸಿದರು. ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಮ್ಯಾರಥಾನ್ ಸಿಕ್ಕಿದ್ದು 1984ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಗೆದ್ದ ಜೋನ್ ಬೆನಾಯ್ಟ್ 2 ಗಂಟೆ 24 ನಿಮಿಷ 52 ಸೆಕೆಂಡಿನಲ್ಲಿ ಓಡಿದರು. ಅಂದರೆ ಗಂಡಸರ ಓಟವನ್ನು 1920ರಲ್ಲಿ ಗೆದ್ದವರಿಗಿಂತಲೂ ಜೋರಾಗಿ. ನಮ್ಮವರೇ ಆದ ಕೇರಳದ ಓ. ಪಿ. ಜೈಶಾ 2015ರಲ್ಲಿ ಬೀಜಿಂಗ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 2 ಗಂಟೆ 34 ನಿಮಿಷ 43 ಸೆಕೆಂಡಿಗೆ ಮುಗಿಸಿ ರಾಷ್ಟ್ರೀಯ ದಾಖಲೆ ಮಾಡಿದರು.

ಈಗ ಅತ್ತೆಯ ಪ್ರಶ್ನೆ. ಅವರಿಗೆ ಎಪ್ಪತ್ತರ ಮೇಲಾಗಿದೆ. ಬುತ್ತಿ ಹೊತ್ತು ಹೊಲಕ್ಕೆ ನಡೆದು, ದಿನವಿಡೀ ಕಳೆ ತೆಗೆದು, ಸಂಜೆ ತಲೆಯ ಮೇಲೆ ಹುಲ್ಲಿನ ಹೊರೆಯೊಂದಿಗೆ ಮನೆಗೆ ಬಂದು ಬದುಕು ಸಾಗಿಸಿದವರು. ಒಂದು ಸಂಜೆ ಅವರು ಕಟ್ಟೆಯ ಮೇಲೆ ಕೂತಾಗ ಕೈ ಹಿಡಿದು ನಾಡಿ ಎಣಿಸಿದೆ. ನಿಮಿಷಕ್ಕೆ 62. ಓಟ ಶುರು ಮಾಡುವ ಮೊದಲು ನನ್ನದು 80ರ ಹತ್ತಿರ ಇತ್ತು. ಕುರ್ಚಿಯ ಕೆಲಸ, ಬಸ್ಸಿನ ಪ್ರಯಾಣ, ಮನೆಯಲ್ಲಿ ಗ್ಯಾಸು, ನಲ್ಲಿ. ನಮ್ಮ ತಲೆಮಾರು ಹೊಲದಿಂದ ಶಾಲೆಗೆ, ಆಫೀಸಿಗೆ ಬಂದಾಗ ದೇಹ ಮಾಡುತ್ತಿದ್ದ ಕೆಲಸ ಅಲ್ಲೇ ಉಳಿಯಿತು. ಅತ್ತೆ ಹೇಳಿದ್ದು ಸರಿಯೇ. ಹೊಲಕ್ಕೆ ಹೋಗಿ ಬರುವವರಿಗೆ ನನ್ನಷ್ಟು ಓಟ ಬೇಡ. ನನಗೆ ಬೇಕು.

ಅವರ ಹೃದಯ ನಿಮಿಷಕ್ಕೆ 62 ಬಾರಿ ಬಡಿದರೆ ಸಾಕಾಗುವುದು ಯಾಕೆಂದು ಅವರಿಗೇ ವಿವರಿಸಿದೆ. ವರ್ಷಗಟ್ಟಲೆ ದುಡಿದ ಹೃದಯ ಒಂದೊಂದು ಬಡಿತಕ್ಕೆ ಹೆಚ್ಚು ರಕ್ತ ದೂಡುತ್ತದೆ. ಹಾಗಾಗಿ ಕಡಿಮೆ ಬಡಿದರೂ ನಡೆಯುತ್ತದೆ. ನಿಧಾನವಾಗಿ, ಬಹಳ ಹೊತ್ತು ಓಡುವುದರಿಂದಲೂ ಅದೇ ಆಗುತ್ತದೆ. ಕಾಲಿನ ಸ್ನಾಯುಗಳಲ್ಲಿ ಕೂದಲಿಗಿಂತ ಸಣ್ಣ ರಕ್ತನಾಳಗಳು ಹೊಸದಾಗಿ ಹರಡುತ್ತವೆ, ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಗಳು ಹೆಚ್ಚುತ್ತವೆ. ಇದು ವಾರದಲ್ಲಿ ಆಗುವ ಕೆಲಸವಲ್ಲ, ತಿಂಗಳುಗಳು ಬೇಕು. ಮೂಳೆ, ಸ್ನಾಯುರಜ್ಜು ಇನ್ನೂ ನಿಧಾನ. ಉಸಿರು ಪಳಗಿತು ಎಂದು ಹುರುಪಿನಲ್ಲಿ ದೂರ ಹೆಚ್ಚಿಸಿದರೆ, ಇನ್ನೂ ಪಳಗದ ಹಿಮ್ಮಡಿಯ ರಜ್ಜಿಗೆ ಬಾವು ಬರುತ್ತದೆ. ಅದಕ್ಕೇ ವಾರದ ಒಟ್ಟು ದೂರವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋಗಬೇಕು. ಹಿಂದಿನ ವಾರದ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಏರಿಸಬಾರದು ಎಂಬುದು ಓಟಗಾರರ ರೂಢಿಯ ಲೆಕ್ಕ. ಮೂರು ವಾರ ಏರಿಸಿ ನಾಲ್ಕನೆಯ ವಾರ ಇಳಿಸುವುದೂ ಉಂಟು.

ಮ್ಯಾರಥಾನ್ ತಯಾರಿ ಅಂದರೆ ದಿನಾ ಜೋರಾಗಿ ಓಡುವುದು ಎಂದು ತಿಳಿದವರಿಗೆ ನಾನು ಮೊದಲು ಹೇಳುವ ಮಾತು ಇದೇ: ಮುಕ್ಕಾಲು ಪಾಲಿಗಿಂತ ಹೆಚ್ಚು ಓಟ ನಿಧಾನದ್ದೇ. ಎಷ್ಟು ನಿಧಾನ ಅಂದರೆ ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುವಷ್ಟು. ನನ್ನ ಪಕ್ಕದಲ್ಲಿ ಓಡುವವರು ಯಾರೂ ಇಲ್ಲ. ಮೈದುನನ ಮಗಳು ಸೈಕಲ್ ಮೇಲೆ ನೀರಿನ ಬಾಟಲಿ ಇಟ್ಟುಕೊಂಡು ಬರುತ್ತಾಳೆ. ಅವಳಿಗೆ ಹದಿನೇಳರ ಮಗ್ಗಿ ಒಪ್ಪಿಸುತ್ತ ಓಡುತ್ತೇನೆ. ಹದಿನೇಳೊಂದ್ಲೆ ಹದಿನೇಳರಿಂದ ಹದಿನೇಳ್ಹತ್ಲೆ ನೂರಾ ಎಪ್ಪತ್ತರವರೆಗೆ ಎಲ್ಲೂ ಏದುಸಿರು ಬರದೆ ಮುಗಿದರೆ ವೇಗ ಸರಿ ಇದೆ. ನಡುವೆ ತಡವರಿಸಿದರೆ, “ದೊಡ್ಡವ್ವಾ, ಸಾವಕಾಶ” ಎಂದು ಅವಳೇ ಕೂಗುತ್ತಾಳೆ. ಹುರುಪು ಇರುವವರಿಗೆ ನಿಧಾನ ಓಡುವುದೇ ಕಷ್ಟ. ಚಳಿಗಾಲದ ಬೆಳಿಗ್ಗೆ ಕಾಲು ತಾನಾಗಿ ಮುಂದೆ ಹಾರುತ್ತಿರುತ್ತದೆ, ಅದನ್ನು ಹಿಡಿದಿಡಬೇಕು. ನಮ್ಮ ಪಕ್ಕದ ಕುಂದಗೋಳದಲ್ಲಿ ಸವಾಯಿ ಗಂಧರ್ವರು ಭೀಮಸೇನ ಜೋಶಿಯವರಿಗೆ ಬಹಳ ಕಾಲ ತೋಡಿ, ಮುಲ್ತಾನಿ, ಪೂರಿಯಾ ಈ ಮೂರೇ ರಾಗಗಳನ್ನು ತಿದ್ದಿದರಂತೆ. ನನ್ನ ನಸುಕಿನ ಓಟ ಅಂಥ ರಿಯಾಜು.

ವಾರದ ನಡುವೆ ಒಂದು ದಿನ ಮಾತ್ರ ವೇಗದ ಅಭ್ಯಾಸ ಇರುತ್ತದೆ. ಶಾಲೆಯ ಮೈದಾನದಲ್ಲಿ ಸುತ್ತು ಹಾಕುತ್ತೇನೆ. ಒಂದು ಸುತ್ತು ಜೋರು, ಒಂದು ಸುತ್ತು ನಡಿಗೆ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ನನ್ನ ಮಟ್ಟದವರಿಗೆ ಅದು ಊಟದಲ್ಲಿ ಉಪ್ಪಿನಕಾಯಿಯಷ್ಟೇ ಸಾಕು.

ಭಾನುವಾರದ ಉದ್ದ ಓಟವೇ ನಿಜವಾದ ತಯಾರಿ. ಐದು ಗಂಟೆಗೆ ಮನೆ ಬಿಟ್ಟು ಗುಡಗೇರಿಯ ಕಡೆ ಹೊರಡುತ್ತೇನೆ. ಚೂಡಿದಾರ, ತಲೆಗೆ ಸುತ್ತಿದ ಓಢಣಿ, ಬೆನ್ನ ಮೇಲೆ ಹೊಳೆಯುವ ಪಟ್ಟಿಯ ಜಾಕೆಟ್ಟು. ರಸ್ತೆಯ ಬಲಬದಿಗೇ ಓಡಬೇಕು, ಎದುರು ಬರುವ ಗಾಡಿ ಕಣ್ಣಿಗೆ ಬೀಳಲಿ ಎಂದು. ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳದ್ದೇ ದೊಡ್ಡ ಭಯ. ನಾಯಿಗಳಿಗೆ ಹೆದರಬೇಕಾಗಿಲ್ಲ. ಓಡುವುದು ನಿಲ್ಲಿಸಿ, ಗಟ್ಟಿ ದನಿಯಲ್ಲಿ ಗದರಿಸಿ, ನಾಲ್ಕು ಹೆಜ್ಜೆ ನಡೆದರೆ ಅವೂ ಸುಮ್ಮನಾಗುತ್ತವೆ. ಈಗೀಗ ನನ್ನ ಗುರುತು ಹಿಡಿದು ಬಾಲ ಅಲ್ಲಾಡಿಸುತ್ತವೆ.

ಬೆಳಕು ಹರಿಯುವ ಹೊತ್ತಿಗೆ ಎರಡೂ ಕಡೆ ಎರಿ ಹೊಲ. ಈ ತಿಂಗಳಲ್ಲಿ ನಮ್ಮ ಸೀಮೆ ನೋಡಬೇಕು. ಬಿಳಿಜೋಳ ತೆನೆ ಹಿರಿಯುತ್ತಿದೆ, ಕಡಲೆ ಹೂ ಬಿಟ್ಟಿದೆ, ಅದರ ಎಲೆಯ ಮೇಲಿನ ಇಬ್ಬನಿಗೆ ಹುಳಿ ರುಚಿ. ಮೆಣಸಿನಕಾಯಿ ಗಿಡದಲ್ಲೇ ಕೆಂಪಾಗಿ ಬಾಗಿದೆ. ಒಮ್ಮೊಮ್ಮೆ ಹುಬ್ಬಳ್ಳಿ ಕಡೆಯಿಂದ ಬರುವ ರೈಲು ಮಂಜಿನೊಳಗಿಂದ ಹಾಯ್ದು ಹೋಗುತ್ತದೆ, ದೀಪದ ಕಿಟಕಿಗಳು ಸಾಲಾಗಿ ಸರಿಯುತ್ತವೆ. ಹಳಿಯ ಪಕ್ಕದ ದಾರಿ ಸಮತಟ್ಟಾಗಿ ಕಂಡರೂ ಅಲ್ಲಿ ಓಡುವುದು ಅಪರಾಧ, ಜೀವಕ್ಕೂ ಅಪಾಯ. ನಮ್ಮ ಹುಡುಗರಿಗೆ ಇದನ್ನು ಮತ್ತೆ ಮತ್ತೆ ಹೇಳುತ್ತಿರುತ್ತೇನೆ. ಹಿಂಗಾರಿನ ಮಳೆ ಇರುವವರೆಗೆ ಗಾಡಿದಾರಿಯ ಆಸೆಯನ್ನೂ ಬಿಡಬೇಕು. ನೀರು ಕುಡಿದ ಎರಿಮಣ್ಣು ಉಬ್ಬಿ ಅಂಟಾಗಿ ಬೂಟಿನ ಅಡಿಗೆ ಗೇಣುದ್ದ ಮೆತ್ತಿಕೊಳ್ಳುತ್ತದೆ. ಒಣಗಿದ ಮೇಲೆ ಅದೇ ನೆಲ ಡಾಂಬರಿಗಿಂತ ಮೆತ್ತಗೆ, ಮೊಣಕಾಲಿಗೆ ಹಿತ. ಡಿಸೆಂಬರಿನಲ್ಲಿ ಅದರ ಮೇಲೆ ಓಡುವ ಸುಖಕ್ಕಾಗಿಯೇ ನಾನು ಸಂಶಿಯಲ್ಲಿ ಇದ್ದೇನೆ ಅನ್ನಿಸುತ್ತದೆ.

ಮೊಣಕಾಲು ಅಂದೆನಲ್ಲ. ಓಡಿದರೆ ಮೊಣಕಾಲು ಸವೆಯುತ್ತದೆ ಎಂದು ನನಗೆ ಹೇಳದವರಿಲ್ಲ. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಪರಿಶೀಲನೆಯೊಂದು ಪ್ರಕಟವಾಯಿತು. ಸೊಂಟ, ಮೊಣಕಾಲಿನ ಕೀಲುಸವೆತ ಹವ್ಯಾಸಿ ಓಟಗಾರರಲ್ಲಿ ಶೇ. 3.5 ಇದ್ದರೆ, ಓಡದೆ ಕೂತೇ ಇರುವವರಲ್ಲಿ ಶೇ. 10.2 ಇತ್ತು. ವೃತ್ತಿಪರ ಸ್ಪರ್ಧಿಗಳಲ್ಲಿ ಮಾತ್ರ ಶೇ. 13.3. ಅಂದರೆ ಅತಿಯಾದರೆ ಕೆಡುಕು, ಹಿತಮಿತವಾದರೆ ಕೀಲಿಗೆ ಒಳ್ಳೆಯದೇ. ಆದರೆ ಈಗಾಗಲೇ ನೋವಿರುವವರು, ಸಕ್ಕರೆ, ಬಿಪಿ, ಎದೆನೋವು ಇರುವವರು ಡಾಕ್ಟರನ್ನು ಕಾಣದೆ ಶುರು ಮಾಡಬಾರದು.

ಊಟದ ಲೆಕ್ಕವನ್ನು ನಾನು ಬೋರ್ಡಿನ ಮೇಲೆ ಬರೆದೇ ಮಕ್ಕಳಿಗೆ ತೋರಿಸಿದ್ದೇನೆ. ಒಂದು ಕಿಲೋ ತೂಕದ ದೇಹವನ್ನು ಒಂದು ಕಿಲೋಮೀಟರ್ ಓಡಿಸಲು ಸುಮಾರು ಒಂದು ಕಿಲೋಕ್ಯಾಲರಿ ಬೇಕು. ನನ್ನ ತೂಕ 58. ಹಾಗಾದರೆ ಇಡೀ ಮ್ಯಾರಥಾನ್‌ಗೆ ಸುಮಾರು 2,450. ನಾವು ತಿಂದ ರೊಟ್ಟಿ, ಅನ್ನದ ಸಕ್ಕರೆ ಅಂಶ ಗ್ಲೈಕೊಜೆನ್ ಆಗಿ ಸ್ನಾಯುಗಳಲ್ಲಿ, ಯಕೃತ್ತಿನಲ್ಲಿ ಕೂಡಿರುತ್ತದೆ. ಅದರಿಂದ ಸಿಗುವುದು ಹೆಚ್ಚೆಂದರೆ ಎರಡು ಸಾವಿರ. ಅದಕ್ಕೇ 30 ಕಿಲೋಮೀಟರ್ ದಾಟಿದ ಮೇಲೆ ಬಹಳ ಜನರಿಗೆ ಒಮ್ಮೆಲೇ ಕಾಲು ಕಲ್ಲಾಗುತ್ತದೆ, ಕಣ್ಣು ಮಂಜಾಗುತ್ತದೆ, ಯಾಕಾದರೂ ಬಂದೆನೋ ಅನ್ನಿಸುತ್ತದೆ. ಮೈಯಲ್ಲಿ ಕೊಬ್ಬಿಗೇನೂ ಬರವಿಲ್ಲ. ಒಂದೇ ಕಿಲೋ ಮೈಕೊಬ್ಬಿನಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಿಲೋಕ್ಯಾಲರಿ ಇದೆ. ಆದರೆ ಕೊಬ್ಬು ಉರಿಯಲು ಆಮ್ಲಜನಕ ಹೆಚ್ಚು ಬೇಕು, ಜೋರಾಗಿ ಓಡುವಾಗ ಅದು ಸಾಲುವುದಿಲ್ಲ. ನಿಧಾನದ ಉದ್ದ ಓಟ ದೇಹಕ್ಕೆ ಕಲಿಸುವುದೇ ಇದನ್ನು: ಕೊಬ್ಬನ್ನು ಹೆಚ್ಚು ಉರಿಸು, ಗ್ಲೈಕೊಜೆನ್ ಉಳಿಸಿಕೋ. ಮಗ್ಗಿ ಹೇಳುತ್ತ ಓಡುವುದರ ಗುಟ್ಟು ಇಲ್ಲಿದೆ.

ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಲೆ, ಮೊಸರು, ಶೇಂಗಾ ಚಟ್ನಿ. ನನ್ನ ಊಟದಲ್ಲಿ ಬದಲಾದದ್ದು ಕಡಿಮೆ. ಭಾನುವಾರದ ಹಿಂದಿನ ರಾತ್ರಿ ಒಂದು ರೊಟ್ಟಿ, ಒಂದು ಹಿಡಿ ಅನ್ನ ಹೆಚ್ಚು. ಶೇಂಗಾದುಂಡಿ ಓಟ ಮುಗಿದ ಮೇಲೆ ಚೆಂದ. ಓಡುವಾಗ ಅದರ ಎಣ್ಣೆ ಹೊಟ್ಟೆಯಲ್ಲಿ ಕೂತುಬಿಡುತ್ತದೆ. ಆಗ ಬೇಕಾದದ್ದು ಬೇಗ ರಕ್ತಕ್ಕೆ ಸೇರುವ ಸಿಹಿ. ಪಟ್ಟಣದವರು ದುಬಾರಿ ಜೆಲ್ ಚೀಟಿ ಹರಿದು ನುಂಗುತ್ತಾರೆ. ನಾನು ಬಾಳೆಹಣ್ಣು, ಬೀಜ ತೆಗೆದ ಖರ್ಜೂರ, ಬೆಲ್ಲದ ತುಣುಕು ಇಟ್ಟುಕೊಳ್ಳುತ್ತೇನೆ. ಮೊದಲ ಗಂಟೆಯಿಂದಲೇ ಸ್ವಲ್ಪ ಸ್ವಲ್ಪ ತಿನ್ನಬೇಕು, ಹಸಿವಾದ ಮೇಲೆ ತಿಂದರೆ ತಡವಾಯಿತು. ಬಾಟಲಿಯಲ್ಲಿ ನಿಂಬೆಹಣ್ಣು, ಉಪ್ಪು, ಸಕ್ಕರೆಯ ಪಾನಕ.

ನೀರಿನ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಹೆಚ್ಚು ಕುಡಿದಷ್ಟೂ ಒಳ್ಳೆಯದು ಎಂಬುದು ತಪ್ಪು. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ ಓಟ ಮುಗಿಸಿದ 488 ಜನರ ರಕ್ತ ಪರೀಕ್ಷಿಸಿದಾಗ ಶೇ. 13ರಷ್ಟು ಜನರಲ್ಲಿ ಸೋಡಿಯಂ ಇರಬೇಕಾದ ಮಟ್ಟಕ್ಕಿಂತ ಕೆಳಗೆ ಇಳಿದಿತ್ತು. ಬಹಳ ಹೊತ್ತು ನಿಧಾನವಾಗಿ ಓಡುತ್ತ, ದಾರಿಯುದ್ದಕ್ಕೂ ನೀರು ಕುಡಿಯುತ್ತ ಹೋಗುವ ನನ್ನಂಥವರಿಗೇ ಈ ಅಪಾಯ ಹೆಚ್ಚು. ಬಾಯಾರಿದಾಗ ಕುಡಿಯಬೇಕು, ಉಪ್ಪು ಮರೆಯಬಾರದು.

ನಮ್ಮ ಹೆಂಗಸರ ವಿಷಯದಲ್ಲಿ ಇದಕ್ಕಿಂತ ದೊಡ್ಡ ಸಂಗತಿ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚೂಕಡಿಮೆ ಅರ್ಧ ಮಂದಿಗೆ ರಕ್ತ ಕಡಿಮೆ. ಆಮ್ಲಜನಕ ಹೊರುವುದೇ ಹಿಮೋಗ್ಲೋಬಿನ್. ಅದೇ ಇಲ್ಲದಿದ್ದರೆ ಎಷ್ಟು ತರಬೇತಿ ಮಾಡಿದರೂ ಏದುಸಿರು ತಪ್ಪದು. ‘ನನಗ ಓಡಾಕ ಆಗೂದಿಲ್ರಿ, ದಮ್ಮ ಹತ್ತತೈತಿ’ ಎನ್ನುವ ಎಷ್ಟೋ ಹುಡುಗಿಯರಿಗೆ ಸೋಮಾರಿತನವಿಲ್ಲ, ಕಬ್ಬಿಣಾಂಶದ ಕೊರತೆ ಇದೆ. ನಾನು ತಯಾರಿ ಶುರು ಮಾಡುವ ಮೊದಲು ಮಾಡಿದ ಕೆಲಸ ಬೂಟು ಕೊಂಡದ್ದಲ್ಲ, ರಕ್ತ ಪರೀಕ್ಷೆ. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಪುಕ್ಕಟೆ. ಕಬ್ಬಿಣದ ಗುಳಿಗೆ ಶಾಲೆಯಲ್ಲೇ ಕೊಡುತ್ತಾರೆ, ಹುಡುಗಿಯರು ಅದನ್ನು ಬ್ಯಾಗಿನಲ್ಲಿಟ್ಟು ಮರೆಯುತ್ತಾರೆ. ಗುಳಿಗೆಯ ಜೊತೆಗೇ ಚಹಾ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ನಿಂಬೆಹಣ್ಣಿನ ಪಾನಕದ ಜೊತೆ ತೆಗೆದುಕೊಳ್ಳಿ ಎಂದು ನಾನು ತರಗತಿಯಲ್ಲಿ ಎದುರು ನಿಂತೇ ನುಂಗಿಸುತ್ತೇನೆ.

ಬೂಟಿನ ಮಾತು ಬೇಗ ಮುಗಿಸುತ್ತೇನೆ. ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಲ್ಲಿ ಗೆದ್ದದ್ದು ನಿಜ. ಆದರೆ ಡಾಂಬರಿನ ಮೇಲೆ ವರ್ಷಗಟ್ಟಲೆ ಓಡಬೇಕಾದ ನಮಗೆ ಒಂದು ಒಳ್ಳೆಯ ಜೋಡು ಬೇಕು. ದುಬಾರಿಯದೇ ಆಗಬೇಕೆಂದಿಲ್ಲ. ಹೆಬ್ಬೆರಳಿನ ಮುಂದೆ ಒಂದು ಬೆರಳಿನಷ್ಟು ಜಾಗ ಇರಲಿ, ಸಂಜೆ ಹೊತ್ತು ಕೊಳ್ಳಿ. ಸಂಜೆಗೆ ಪಾದ ಸ್ವಲ್ಪ ಊದಿರುತ್ತದೆ, ಓಡುವಾಗಲೂ ಊದುತ್ತದೆ. ಐನೂರರಿಂದ ಎಂಟುನೂರು ಕಿಲೋಮೀಟರಿನ ಮೇಲೆ ಅಡಿಯ ಮೆತ್ತೆ ಸತ್ತು ಹೋಗುತ್ತದೆ. ಹೊಸ ಬೂಟು ಹಾಕಿ ನೇರ ಸ್ಪರ್ಧೆಗೆ ಹೋಗಬಾರದು.

ನನಗಿರುವ ಚಿಂತೆ ಎರಡು. ಒಂದು ಏರು. ನಮ್ಮ ನೆಲ ಹಂಚಿನಂತೆ ಸಮ, ಮುಂಬೈಯ ದಾರಿಯಲ್ಲಿ ಪೆಡ್ಡರ್ ರೋಡಿನ ಏರು ಇದೆ.  ಅದಕ್ಕಾಗಿ ರಜೆ ಸಿಕ್ಕಾಗ ಹುಬ್ಬಳ್ಳಿಗೆ ಹೋಗಿ ನೃಪತುಂಗ ಬೆಟ್ಟದ ಏರನ್ನು ಸಣ್ಣ ಸಣ್ಣ ಹೆಜ್ಜೆ ಇಟ್ಟು ಹತ್ತಿ ಇಳಿಯುತ್ತೇನೆ. ಏರಿನಲ್ಲಿ ವೇಗ ನೋಡಬಾರದು, ಉಸಿರು ನೋಡಬೇಕು. ಇನ್ನೊಂದು ಚಿಂತೆ ಸೆಕೆ. ಬೆವರು ಹರಿದರೆ ಮೈ ತಂಪಾಗುವುದಿಲ್ಲ, ಆರಿದರೆ ಮಾತ್ರ ತಂಪು. ನಮ್ಮ ಬಯಲಿನ ಒಣ ಗಾಳಿಯಲ್ಲಿ ಬೆವರು ಬಂದದ್ದೇ ತಿಳಿಯುವುದಿಲ್ಲ, ಅಷ್ಟು ಬೇಗ ಆರುತ್ತದೆ. ಸಮುದ್ರದ ಪಕ್ಕದ ಗಾಳಿ ಮೊದಲೇ ನೀರಾವಿಯಿಂದ ತುಂಬಿರುತ್ತದೆ. ಬೆವರು ಅಂಗಿಯಲ್ಲೇ ಉಳಿಯುತ್ತದೆ, ಮೈಯ ಕಾವು ಏರುತ್ತದೆ, ಹೃದಯ ಅದೇ ವೇಗಕ್ಕೂ ಹೆಚ್ಚು ಬಡಿಯುತ್ತದೆ. ಆದ್ದರಿಂದ ಅಲ್ಲಿ ಮೊದಲ ಹತ್ತು ಕಿಲೋಮೀಟರ್ ಇಲ್ಲಿಗಿಂತ ನಿಧಾನ ಓಡುವುದೆಂದು ಗಟ್ಟಿ ಮಾಡಿಕೊಂಡಿದ್ದೇನೆ. ಓಟ ನಸುಕಿನ ಐದಕ್ಕೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನ ಎದುರಿನಿಂದ ಹೊರಡುತ್ತದೆ. ಬಿಸಿಲೇರುವ ಮೊದಲು ಬಾಂದ್ರಾ–ವರ್ಲಿ ಸಮುದ್ರ ಸೇತುವೆ ದಾಟಿರಬೇಕು. ಕಿಲೋಮೀಟರಿಗೆ ಏಳು ಮುಕ್ಕಾಲು ನಿಮಿಷದಂತೆ, ಐದೂವರೆ ಗಂಟೆಯೊಳಗೆ ಮುಗಿಸುವುದು ನನ್ನ ಗುರಿ. ಚೌಗುಲೆಯವರ ವೇಳೆಯ ಹೆಚ್ಚೂಕಡಿಮೆ ಎರಡರಷ್ಟು. ಇರಲಿ, ದೂರ ಬಹುತೇಕ ಅದೇ ತಾನೆ.

ಈಗ ಉದ್ದ ಓಟಗಳ ತುದಿಗೆ ಬಂದಿದ್ದೇನೆ. ಮೂವತ್ತು, ಮೂವತ್ತೆರಡು ಕಿಲೋಮೀಟರಿಗಿಂತ ಹೆಚ್ಚು ಅಭ್ಯಾಸದಲ್ಲಿ ಓಡುವುದಿಲ್ಲ. ಅದರ ಮೇಲಿನ ದಣಿವು ಸುಧಾರಿಸಲು ಬಹಳ ದಿನ ಬೇಕು, ಸಿಗುವ ಲಾಭ ಕಡಿಮೆ. ಉಳಿದ ಹತ್ತನ್ನು ಮುಂಬೈಯಲ್ಲೇ ಮೊದಲ ಸಲ ನೋಡಬೇಕು. ಕೊನೆಯ ಎರಡು ಮೂರು ವಾರ ಓಟ ಇಳಿಸುತ್ತ ಬಂದು ಮೈಗೆ ಬಿಡುವು ಕೊಡಬೇಕು. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಉಣ್ಣಲು ಅದು ಸರಿಯಾದ ಸಮಯ ಎಂದು ಅತ್ತೆಗೆ ಹೇಳಿದ್ದೇನೆ. “ಮುಂಬೈಕ ಬುತ್ತಿ ಕಟ್ಟೇ ಕಳಸ್ತೀನಿ” ಎಂದಿದ್ದಾರೆ ಅವರು. ಕೇಳಿದ್ದ ಪ್ರಶ್ನೆಯನ್ನು ಮತ್ತೆ ಕೇಳಿಲ್ಲ.

ಈ ಚಳಿಗಾಲದಲ್ಲಿ ಊರಲ್ಲಿ ಒಂದು ಬದಲಾವಣೆ ಕಾಣುತ್ತಿದೆ. ಅಂಗನವಾಡಿಯ ಕಾರ್ಯಕರ್ತೆಯೊಬ್ಬರು, ಹೊಲಿಗೆ ಮಾಡುವ ಇಬ್ಬರು, ಕಾಲೇಜಿಗೆ ರೈಲಿನಲ್ಲಿ ಹೋಗಿಬರುವ ಕೆಲವು ಹುಡುಗಿಯರು ಬೆಳಿಗ್ಗೆ ಬರತೊಡಗಿದ್ದಾರೆ. ಓಡುವುದು ಕಡಿಮೆ, ಬಿರುಸಿನ ನಡಿಗೆ ಹೆಚ್ಚು. ಹಾಗೇ ಶುರುವಾಗಬೇಕು. ನಾಲ್ಕು ನಿಮಿಷ ನಡೆದು ಒಂದು ನಿಮಿಷ ಓಡಿ, ವಾರ ಕಳೆದಂತೆ ನಡಿಗೆಯನ್ನು ಕಡಿಮೆ ಮಾಡುತ್ತ ಬಂದರೆ ಕೆಲವೇ ತಿಂಗಳಲ್ಲಿ ಐದು ಕಿಲೋಮೀಟರ್ ನಿಲ್ಲದೆ ಓಡಬಹುದು. ನೀರು ಹೊತ್ತ, ಹೊಲಕ್ಕೆ ನಡೆದ ಮೈ ಇದಕ್ಕೆ ಅರ್ಧ ತಯಾರಾಗಿಯೇ ಇರುತ್ತದೆ. ಅವರಿಗೆ ಇಲ್ಲದಿರುವುದು ಕಸುವಲ್ಲ, ಜಾಗ. ಕತ್ತಲೆಯ ಡಾಂಬರು ರಸ್ತೆಯಲ್ಲಿ ಒಬ್ಬೊಬ್ಬರೇ ಓಡಿ ಎಂದು ನಾನು ಯಾರಿಗೂ ಹೇಳಲಾರೆ.

ಆದ್ದರಿಂದ ಹಳ್ಳಿಗಳ ಮುಖ್ಯೋಪಾಧ್ಯಾಯರಲ್ಲಿ, ಗ್ರಾಮ ಪಂಚಾಯಿತಿಯವರಲ್ಲಿ ನನ್ನದೊಂದು ಬೇಡಿಕೆ. ಬಹುತೇಕ ಪ್ರತಿ ಊರಲ್ಲೂ ಒಂದು ಶಾಲಾ ಮೈದಾನ ಇದೆ. ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ ಅದರ ಗೇಟು ತೆರೆದಿಡಿ, ಒಂದು ದೀಪ ಹಾಕಿಸಿ, ಆ ಹೊತ್ತು ಹೆಂಗಸರಿಗೆ ಮೀಸಲು ಎಂದು ಬೋರ್ಡು ಬರೆಸಿ. ಖರ್ಚು ಒಂದು ಬಲ್ಬಿನದು. ಓಡುವವರು ಬರುತ್ತಾರೆ.